ಫಾರಂ ತುಂಬಿಕೊಡಿ, ಕಸ ಮುಚ್ಚಿಡಿ

ಮುಂಬಯಿಯ ಪವಾಯಿಯಲ್ಲಿರುವ ಕನ್ನಡ, ತುಳು ಬಂಧುಗಳೇ, ಹೋಟೆಲ್ ನಡೆಸುವವರೇ, ಸೊಸೈಟಿ ಕಮಿಟಿಯಲ್ಲಿರುವವರೇ, ಬ್ಯಾಂಕು ಶಾಲೆಗಳಿಂದ ನಿವೃತ್ತರಾದ ಹಿರಿಯರೇ, ಕಾಲೇಜಿಗೆ ಹೋಗುವ ಮಕ್ಕಳೇ, ನಿಮ್ಮಲ್ಲಿ ಕೇಳಿಕೊಳ್ಳುವುದು ಎರಡೇ ಮಾತು. ಸರ್ಕಾರದ ಯೋಜನೆಗೆ ಅರ್ಹತೆ ಇದ್ದೂ ಕಾಗದಪತ್ರದ ತೊಡಕಿನಿಂದ ಹೊರಗುಳಿದ ಹೆಣ್ಣುಮಕ್ಕಳಿಗೆ, ಕೈಕಸುಬಿನವರಿಗೆ ತಿಂಗಳಿಗೊಂದು ಭಾನುವಾರ ಕೂತು ಅರ್ಜಿ ತುಂಬಿಕೊಡಿ. ನಿಮ್ಮ ಹೋಟೆಲಿನ, ಕಟ್ಟಡದ, ಉತ್ಸವ ಮಂಡಳದ ಕಸ ಕಾಡಿನ ಅಂಚಿಗೂ ಕೆರೆಯ ನೀರಿಗೂ ಸೇರದಂತೆ ನೋಡಿಕೊಳ್ಳಿ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಪವಾಯಿಯಲ್ಲಿ ಈ ಎರಡೂ ಹೋಗಿ ಮುಟ್ಟುವುದು ಒಂದೇ ಮನೆಯ ಬಾಗಿಲಿಗೆ.

ಆ ಮನೆ ಫಿಲ್ಟರ್‌ಪಾಡಾದಲ್ಲಿದೆ, ಮೊರಾರ್ಜಿ ನಗರದಲ್ಲಿದೆ, ಫುಲೆ ನಗರದಲ್ಲಿದೆ. ಅಲ್ಲಿಂದ ಒಂದು ಕಡೆ ನೋಡಿದರೆ ಹಿರಾನಂದಾನಿಯ ಎತ್ತರದ ಕಟ್ಟಡಗಳು. ಇನ್ನೊಂದು ಕಡೆ ಆರೆ ಕಾಲೊನಿಯ ಮರಗಳು, ಅದರಾಚೆ 104 ಚದರ ಕಿಲೋಮೀಟರಿನ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ. ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವವರು, ನಮ್ಮ ಮಕ್ಕಳ ಶಾಲೆಯ ಬಟ್ಟೆ ಹೊಲಿಯುವವರು, ನಮ್ಮ ಫ್ಲಾಟುಗಳ ಗೋಡೆ ಕಟ್ಟಿದವರು ಇಂಥ ಕಡೆಗಳಿಂದಲೇ ಬರುತ್ತಾರೆ. ಅವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರೂ ಇದ್ದಾರೆ. ಬೆಳಿಗ್ಗೆ ಕೂಲಿ ನಾಕಾದಲ್ಲಿ ಬುತ್ತಿಗಂಟು ಹಿಡಿದು ನಿಂತವರ ಮಾತಿಗೆ ಒಮ್ಮೆ ಕಿವಿಗೊಟ್ಟು ನೋಡಿ, ನಮ್ಮ ನುಡಿ ಕೇಳಿಸುತ್ತದೆ.

ಆ ಹೆಣ್ಣುಮಕ್ಕಳ ಹತ್ತಿರ ಒಂದು ಪ್ಲಾಸ್ಟಿಕ್ ಚೀಲ ಇರುತ್ತದೆ. ಮಳೆಗಾಲದಲ್ಲಿ ಮನೆ ಸೋರಿದರೂ ಅದೊಂದು ನೆನೆಯದಂತೆ ಜೋಪಾನ ಮಾಡಿರುತ್ತಾರೆ. ಒಳಗೆ ಆಧಾರ್, ಮಡಿಕೆಯಲ್ಲಿ ಹರಿದ ರೇಷನ್ ಕಾರ್ಡು, ಮಗುವಿನ ಲಸಿಕೆಯ ಚೀಟಿ, ಬ್ಯಾಂಕಿನ ಪಾಸ್‌ಬುಕ್ಕು. “ಆಧಾರದಾಗ ಒಂದ ಹೆಸರ ಅದ, ರೇಷನ್ ಕಾರ್ಡಿನ್ಯಾಗ ಒಂದ ಹೆಸರ ಅದರಿ ಅಣ್ಣಾರ” ಎನ್ನುತ್ತಾರೆ. ಒಂದರಲ್ಲಿ ತಂದೆಯ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಆಧಾರಿಗೆ ಜೋಡಿಸಿದ ಮೊಬೈಲ್ ನಂಬರು ಯಾವತ್ತೋ ಬಂದ್ ಆಗಿದೆ, ಒಟಿಪಿ ಬರುವುದಿಲ್ಲ. ಇಷ್ಟಕ್ಕೇ ಸಾವಿರಾರು ರೂಪಾಯಿಯ ಹಕ್ಕು ಕೈತಪ್ಪುತ್ತದೆ. ತಿದ್ದುಪಡಿಗೆ ಒಂದು ದಿನ ಓಡಾಡಿದರೆ ಒಂದು ದಿನದ ಕೂಲಿ ಹೋಗುತ್ತದೆ, ಎರಡನೇ ಸಲ ಕರೆದರೆ ಆಕೆ ಹೋಗುವುದೇ ಇಲ್ಲ. ಶುಲ್ಕವೇ ಇಲ್ಲದ ಅರ್ಜಿಗೂ ಏಜೆಂಟರು ಕೈ ಚಾಚುವುದು ಈ ಸಂದಿಯಲ್ಲೇ. ಈ ತೊಡಕು ಬಿಡಿಸಲು ಕಾನೂನು ಓದಿರಬೇಕಾಗಿಲ್ಲ. ಮರಾಠಿಯಲ್ಲಿ ಬಂದ ನೋಟಿಸನ್ನು ಓದಿ ಕನ್ನಡದಲ್ಲಿ ಹೇಳುವ ತಾಳ್ಮೆ ಇದ್ದರೆ ಸಾಕು.

ಏನೇನು ಸಿಗಬೇಕಿದೆ ನೋಡಿ. ಮಹಾರಾಷ್ಟ್ರದ ಲಾಡ್ಕಿ ಬಹೀಣ್ ಯೋಜನೆ ಶುರುವಾದದ್ದು 2024ರಲ್ಲಿ. 21ರಿಂದ 65 ವರ್ಷದ, ಕುಟುಂಬದ ವರಮಾನ ಎರಡೂವರೆ ಲಕ್ಷ ಮೀರದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1,500 ರೂಪಾಯಿ. ಹೊರರಾಜ್ಯದಲ್ಲಿ ಹುಟ್ಟಿ ಇಲ್ಲಿಯವರನ್ನು ಮದುವೆಯಾದವಳು ಗಂಡನ ದಾಖಲೆ ಕೊಡಬಹುದು ಎಂದು ನಿಯಮದಲ್ಲೇ ಇತ್ತು, ನಮ್ಮ ಕಡೆಯ ಎಷ್ಟೋ ಸೊಸೆಯಂದಿರಿಗೆ ಅದು ಗೊತ್ತಾಗಲೇ ಇಲ್ಲ. ಪಟ್ಟಿಯಲ್ಲಿ ಹೆಸರಿದ್ದವರೂ ಇ-ಕೆವೈಸಿ ಮಾಡಿಸಬೇಕಾಗಿ ಬಂತು. ಒಟಿಪಿ ಬಾರದೆ ಅಲ್ಲೇ ಸಿಕ್ಕಿಕೊಂಡ ತಾಯಂದಿರ ಕಷ್ಟ ಕೇಳುವವರಿಲ್ಲ.

2023ರ ಏಪ್ರಿಲ್ 1ರಂದು ಅಥವಾ ಆಮೇಲೆ ಹುಟ್ಟಿದ ಹೆಣ್ಣುಮಗುವಿಗೆ ಲೇಕ್ ಲಾಡ್ಕಿ ಯೋಜನೆ ಇದೆ. ಹಳದಿ ಅಥವಾ ಕೇಸರಿ ರೇಷನ್ ಕಾರ್ಡಿನ ಮನೆಯಾಗಿದ್ದರೆ ಹುಟ್ಟಿದಾಗ 5,000, ಒಂದನೇ ತರಗತಿಗೆ 6,000, ಆರನೇ ತರಗತಿಗೆ 7,000, ಹನ್ನೊಂದಕ್ಕೆ 8,000, ಹದಿನೆಂಟು ತುಂಬಿದಾಗ 75,000 ರೂಪಾಯಿ. ಒಟ್ಟು 1,01,000. ಅರ್ಜಿ ಹೋಗುವುದು ಅಂಗನವಾಡಿ ಕಾರ್ಯಕರ್ತೆಯ ಮೂಲಕ. ಮಾತೃ ವಂದನಾ ಯೋಜನೆಯಲ್ಲಿ ಮೊದಲ ಮಗುವಿಗೆ 5,000, ಎರಡನೆಯದು ಹೆಣ್ಣಾದರೆ 6,000. ಊರಿನ ರೇಷನ್ ಕಾರ್ಡಿದ್ದವರು ಅಕ್ಕಿಗಾಗಿ ಊರಿಗೇ ಹೋಗಬೇಕಾಗಿಲ್ಲ, ಆಹಾರ ಭದ್ರತೆ ಕಾಯ್ದೆಯ ಕಾರ್ಡಾಗಿದ್ದರೆ ಒಂದು ರಾಷ್ಟ್ರ ಒಂದು ಪಡಿತರ ಚೀಟಿ ವ್ಯವಸ್ಥೆಯಲ್ಲಿ ಇಲ್ಲಿನ ಅಂಗಡಿಯಲ್ಲೇ ಬೆರಳಿಟ್ಟು ತಮ್ಮ ಪಾಲಿನ ಧಾನ್ಯ ಪಡೆಯಬಹುದು. ಹೆಂಡತಿ ಮಕ್ಕಳು ಊರಿನಲ್ಲಿದ್ದು ಗಂಡನೊಬ್ಬ ಇಲ್ಲಿದ್ದರೂ ಪಾಲು ಮಾಡಿಕೊಂಡು ತೆಗೆದುಕೊಳ್ಳಲು ಬರುತ್ತದೆ.

ಕೈಕಸುಬಿನವರ ವಿಷಯಕ್ಕೆ ಬಂದರೆ, 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆ 18 ಕಸುಬುಗಳಿಗೆ ಇದೆ. ಬಡಗಿ, ಗೌಂಡಿ, ದರ್ಜಿ, ಕುಂಬಾರ, ಚಮ್ಮಾರ, ಬುಟ್ಟಿ ಹೆಣೆಯುವವರು, ಹೂಮಾಲೆ ಕಟ್ಟುವವರು, ಬಟ್ಟೆ ಒಗೆಯುವವರು, ಕ್ಷೌರಿಕರು ಎಲ್ಲರೂ ಬರುತ್ತಾರೆ. ಐದರಿಂದ ಏಳು ದಿನದ ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯೆ, ಸಲಕರಣೆಗೆ 15,000, ಆಮೇಲೆ ಶೇಕಡಾ ಐದರ ಬಡ್ಡಿಗೆ ಮೊದಲು ಒಂದು ಲಕ್ಷ, ಅದನ್ನು ತೀರಿಸಿದರೆ ಎರಡು ಲಕ್ಷದವರೆಗೆ ಸಾಲ. ಮನೆಗೊಬ್ಬರಿಗೆ ಮಾತ್ರ. ದೇವಸ್ಥಾನದ ಮುಂದೆ ಮಲ್ಲಿಗೆ ಮಾಲೆ ಕಟ್ಟುವ ಹೆಂಗಸು ತಾನೂ ಇದರಲ್ಲಿ ಬರುತ್ತೇನೆಂದು ಊಹಿಸಿರಲಿಕ್ಕಿಲ್ಲ. ಹೇಳಬೇಕಾದವರು ದಿನವೂ ಆಕೆಯಿಂದ ಹೂ ಕೊಳ್ಳುವ ನಾವು.

ಇವರಲ್ಲಿ ಮಣ್ಣಿನ ಕೆಲಸದ ಕುಂಬಾರರು ಕೆರೆಯನ್ನೂ ಉಳಿಸಬಲ್ಲರು. ಪವಾಯಿ ಕೆರೆ ಕಟ್ಟಿದ್ದು 1891ರಲ್ಲಿ, ಊರಿಗೆ ಕುಡಿಯುವ ನೀರಿಗಾಗಿ. ಇಂದು ಆ ನೀರನ್ನು ಬಾಯಿಗೆ ಹಾಕುವಂತಿಲ್ಲ. ಚರಂಡಿ ನೀರು ಸೇರಿ ಅಂತರಗಂಗೆ ಹಬ್ಬಿ ಕೆಲವು ತಿಂಗಳು ಕೆರೆ ಹಸಿರು ಬಯಲಿನಂತೆ ಕಾಣುತ್ತದೆ. ಅದರ ಕೆಳಗೂ ಮೊಸಳೆಗಳು ಬದುಕಿವೆ. ಚಳಿಗಾಲದ ಬಿಸಿಲಿಗೆ ಬಾಯಿ ತೆರೆದು ದಡದಲ್ಲಿ ಮಲಗಿದ ಮಗ್ಗರ್ ಮೊಸಳೆಯನ್ನು ಪವಾಯಿಯಲ್ಲಿ ನೋಡದವರು ಕಡಿಮೆ. ಅದು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯ ಪ್ರಾಣಿ, ಹುಲಿಗೆ ಇರುವ ರಕ್ಷಣೆಯೇ ಅದಕ್ಕೂ ಇದೆ. ಕೆರೆಯ ಅಂಗಳದಲ್ಲಿ ಕಲ್ಲು ತುಂಬಿಸಿ ಸೈಕಲ್ ಹಾದಿ ಮಾಡಹೊರಟಾಗ ಐಐಟಿಯ ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 2022ರ ಮೇ ತಿಂಗಳಲ್ಲಿ ಬಾಂಬೆ ಹೈಕೋರ್ಟ್ ಆ ಕಾಮಗಾರಿ ಅಕ್ರಮ ಎಂದು ಹೇಳಿ, ಜಾಗವನ್ನು ಮೊದಲಿದ್ದಂತೆ ಮಾಡಲು ಪಾಲಿಕೆಗೆ ಆದೇಶಿಸಿತು. ಓದುವ ಮಕ್ಕಳು ಅಷ್ಟು ಮಾಡಿದರು. ನಾವು ಕೆರೆಯಲ್ಲಿ ಮುಳುಗಿಸುವ ಗಣಪತಿಯ ವಿಷಯದಲ್ಲಾದರೂ ಮನಸ್ಸು ಮಾಡಬೇಡವೇ? ಆರು ಅಡಿವರೆಗಿನ ಪಿಒಪಿ ಮೂರ್ತಿಗಳನ್ನು ಕೃತಕ ಕೊಳದಲ್ಲೇ ವಿಸರ್ಜಿಸಬೇಕೆಂದು ಹೈಕೋರ್ಟ್ 2025ರ ಜುಲೈನಲ್ಲಿ ಹೇಳಿತ್ತು. ಶಾಡೂ ಮಣ್ಣಿನ ಮೂರ್ತಿ ಮಾಡುವವರಿಗೆ ಪಾಲಿಕೆ ಮಣ್ಣನ್ನು ಉಚಿತವಾಗಿ ಕೊಡುತ್ತಿದೆ. ನಮ್ಮ ಮಂಡಳಗಳು ಮಣ್ಣಿನ ಮೂರ್ತಿಗೆ ಮೊದಲೇ ಮುಂಗಡ ಕೊಟ್ಟರೆ ಕುಂಬಾರನಿಗೆ ಕೆಲಸ ಸಿಗುತ್ತದೆ, ಕೆರೆಗೆ ಪ್ಲಾಸ್ಟರೂ ಬಣ್ಣವೂ ತಪ್ಪುತ್ತದೆ.

ಇನ್ನು ಚಿರತೆ. ಉದ್ಯಾನ ಮತ್ತು ಸುತ್ತಲಿನ ಕಾಡಿನಲ್ಲಿ 2015ರ ಕ್ಯಾಮೆರಾ ಸಮೀಕ್ಷೆಯಲ್ಲಿ 35 ಚಿರತೆಗಳ ಲೆಕ್ಕ ಸಿಕ್ಕಿತ್ತು, 2018ರಲ್ಲಿ 47. ಅವುಗಳ ಆಹಾರದಲ್ಲಿ ಸುಮಾರು ಕಾಲು ಭಾಗ ಬೀದಿನಾಯಿ. ನಾಯಿ ಯಾಕೆ ಅಷ್ಟಿವೆ? ನಾವು ಎಸೆದ ಅನ್ನ, ಕೋಳಿಯ ತ್ಯಾಜ್ಯ, ಮದುವೆ ಹಾಲಿನ ಎಂಜಲೆಲೆ. ರಾಶಿ ಎಲ್ಲಿದೆಯೋ ಅಲ್ಲಿ ನಾಯಿ, ನಾಯಿ ಇರುವಲ್ಲಿಗೆ ರಾತ್ರಿ ಚಿರತೆ, ಅದೇ ದಾರಿಯಲ್ಲಿ ಕತ್ತಲಿಗೆ ಶೌಚಕ್ಕೆ ಹೊರಟ ಹೆಂಗಸು, ಅವಳ ಹಿಂದೆ ಓಡಿದ ಮಗು. 2022ರ ದೀಪಾವಳಿಯ ಬೆಳಗಿನ ಜಾವ ಆರೆಯಲ್ಲಿ ಚಿರತೆಗೆ ಬಲಿಯಾದ ಹೆಣ್ಣುಮಗುವಿಗೆ ಹದಿನಾರು ತಿಂಗಳು. ಎತ್ತರದ ಕಟ್ಟಡದಲ್ಲಿರುವ ನಮಗೆ ಚಿರತೆ ಎಂದರೆ ವಾಟ್ಸಾಪಿನ ವಿಡಿಯೊ. ಗುಡ್ಡದ ಬುಡದ ತಾಯಿಗೆ ಅದು ದಿನದ ಭಯ.

ಚಿರತೆ ಕಂಡ ಕೂಡಲೇ ಬೋನು ಇಡಿಸಿ, ಹಿಡಿದು ದೂರ ಬಿಡಿ ಎಂದು ಒತ್ತಾಯಿಸಬೇಡಿ. 2004ರಲ್ಲಿ ಈ ಕಾಡಿನ ಸುತ್ತ ಹತ್ತಕ್ಕೂ ಹೆಚ್ಚು ಜನ ಸತ್ತದ್ದು ಬೇರೆಡೆ ಹಿಡಿದ ಚಿರತೆಗಳನ್ನು ತಂದು ಬಿಡುತ್ತಿದ್ದ ಕಾಲದಲ್ಲಿ. ಹಿಡಿದು ಅಪರಿಚಿತ ಜಾಗದಲ್ಲಿ ಬಿಟ್ಟಾಗ ಅಪಾಯ ಹೆಚ್ಚುತ್ತದೆ ಎಂದು ವಿದ್ಯಾ ಆತ್ರೇಯ ಅವರಂಥ ಜೀವವಿಜ್ಞಾನಿಗಳು ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. 2011ರಿಂದ ಅರಣ್ಯ ಇಲಾಖೆ ನಗರದ ನಾಗರಿಕರ ಜೊತೆ ಸೇರಿ ಹಿಡಿದ ದಾರಿ ಬೇರೆ: ಕಸ ತೆಗೆಯುವುದು, ದೀಪ ಹಾಕಿಸುವುದು, ಜನರಿಗೆ ತಿಳಿಹೇಳುವುದು. ಚಿರತೆ ಕಂಡರೆ ಗುಂಪು ಸೇರಿ ಬೆನ್ನಟ್ಟದೆ ದೂರ ನಿಂತು 1926ಕ್ಕೆ ಕರೆ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ.

ಹೋಟೆಲ್ ಬಂಧುಗಳಿಗೆ ಪ್ರತ್ಯೇಕವಾಗಿ ಒಂದು ಮಾತು. ಮುಂಬಯಿಗೆ ಇಡ್ಲಿ ವಡೆ ತಿನ್ನಲು ಕಲಿಸಿದವರು ನೀವು. ರಾತ್ರಿ ಅಡುಗೆಮನೆ ತೊಳೆದ ಮೇಲೆ ಉಳಿದದ್ದು ಮುಚ್ಚಳವಿರುವ ಡಬ್ಬದಲ್ಲಿ ಬೀಳಲಿ, ಪಾಲಿಕೆಯ ಗಾಡಿ ಬರುವವರೆಗೆ ಹಿಂದಿನ ಗಲ್ಲಿಯಲ್ಲಿ ಸುರಿಯುವುದು ಬೇಡ. ನಿಮ್ಮ ಹುಡುಗರಿಗೆ ಇದನ್ನು ನೀವೇ ಹೇಳಬೇಕು, ಮ್ಯಾನೇಜರಿಗೆ ಬಿಟ್ಟರೆ ಆಗುವುದಿಲ್ಲ.

ಸೊಸೈಟಿಗಳವರು ಭಾಂಡೂಪಿನ ಎಸ್ ವಾರ್ಡ್ ಕಚೇರಿಗೆ ತಮ್ಮ ರಸ್ತೆಯ ಗುಂಡಿಗಾಗಿ ಪತ್ರ ಬರೆಯುವಾಗ ಇನ್ನೊಂದು ಸಾಲು ಸೇರಿಸಲಿ: ಗುಡ್ಡದ ಬಸ್ತಿಯ ಸಾರ್ವಜನಿಕ ಶೌಚಾಲಯಕ್ಕೆ ನೀರು, ಬಾಗಿಲಿಗೆ ಚಿಲಕ, ದಾರಿಗೆ ದೀಪ. ಸಂಘಗಳು ವಾರ್ಷಿಕೋತ್ಸವದಲ್ಲಿ ವಿದ್ಯಾರ್ಥಿವೇತನ ಕೊಡುತ್ತವೆ, ಸಂತೋಷ. ಅದೇ ಸಭಾಂಗಣದ ಒಂದು ಮೂಲೆಯಲ್ಲಿ ಎರಡು ಮೇಜು, ಒಂದು ಲ್ಯಾಪ್‌ಟಾಪು, ಮರಾಠಿ ಬಲ್ಲ ಇಬ್ಬರು ತರುಣರನ್ನು ತಿಂಗಳಿಗೊಮ್ಮೆ ಕೂರಿಸಿ. ಮಕ್ಕಳ ಬಗ್ಗೆ ಏನಾದರೂ ಅಪಾಯ ತಿಳಿದರೆ 1098, ಹೆಣ್ಣುಮಕ್ಕಳ ಕಷ್ಟಕ್ಕೆ 181, ಈ ಎರಡು ನಂಬರುಗಳನ್ನು ಆ ಮೇಜಿನ ಹಿಂದೆ ಕನ್ನಡದಲ್ಲಿ ದೊಡ್ಡದಾಗಿ ಬರೆದು ಅಂಟಿಸಿ.

ಸಂಘ ಸಭೆ ಸೇರುವವರೆಗೂ ಕಾಯಬೇಡಿ. ನಾಳೆ ಬೆಳಿಗ್ಗೆ ನಿಮ್ಮ ಮನೆಗೆಲಸಕ್ಕೆ ಬರುವ ತಾಯಿಗೆ ಚಹಾ ಕೊಟ್ಟು ಕೂರಿಸಿ, ಆ ಪ್ಲಾಸ್ಟಿಕ್ ಚೀಲ ತರಲು ಹೇಳಿ, ಆಧಾರಿನ ಹೆಸರೂ ಪಾಸ್‌ಬುಕ್ಕಿನ ಹೆಸರೂ ಒಂದೇ ಇದೆಯೇ ಎಂದು ನೋಡಿ. ಇಲ್ಲದಿದ್ದರೆ ತಿದ್ದುಪಡಿಗೆ ಆಕೆಯ ಜೊತೆ ನೀವೇ ಹೋಗಿ, ಆ ದಿನದ ಸಂಬಳ ಮಾತ್ರ ಹಿಡಿಯಬೇಡಿ.