ಉಪಾಧ್ಯಾಯಿನಿಯ ಕಂಠ

ಇಂತಹ ಸಂಚಿಕೆಗಳಲ್ಲಿ ಹಳೆಯ ವಿದ್ಯಾರ್ಥಿನಿಯರು ತಮ್ಮ ಗುರುಗಳ ವಿದ್ವತ್ತನ್ನೂ ತಾಳ್ಮೆಯನ್ನೂ ಕೊಂಡಾಡುವದು ವಾಡಿಕೆಯಾಗಿದೆ. ನಾವು ಅವರ ಕಂಠದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಇದು ಅಲ್ಪ ವಿಷಯವೆಂದು ಕೆಲವರಿಗೆ ತೋರಬಹುದು. ನಮಗೂ ಬಹುಕಾಲ ಹಾಗೆಯೇ ತೋರಿತ್ತು.

ನಾವು ಬಾಲಿಕೆಯರಾಗಿದ್ದಾಗ ನಮಗೆ ಗಣಿತವನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಯೊಬ್ಬರ ಸ್ವರವು ಸೋಮವಾರ ತಿಳಿಯಾಗಿದ್ದು, ಗುರುವಾರಕ್ಕೆ ಒಡೆದು, ಶುಕ್ರವಾರ ಸಾಯಂಕಾಲಕ್ಕೆ ಬರೀ ಗಾಳಿಯಾಗಿ ಹೊರಡುತ್ತಿತ್ತು. ಮಳೆಗಾಲದಲ್ಲಿ ಹೆಂಚಿನ ಮಾಡಿನ ಮೇಲೆ ಮಳೆ ಹೊಯ್ಯುವಾಗ ಅವರು ಹಲಗೆಯ ಮುಂದೆ ನಿಂತು ಬಾಯಿ ಆಡಿಸಿದರೆ ಮೂರನೆಯ ಬೆಂಚಿನಾಚೆ ಏನೂ ಕೇಳಿಸುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ನಾವು ಅವರನ್ನು ಅಣಕಿಸಿ ನಗುತ್ತಿದ್ದೆವು. ಅವರು ಅವಧಿಗೆ ಮುಂಚೆಯೇ ಕೆಲಸ ಬಿಟ್ಟರು. ಶರೀರಸ್ವಾಸ್ಥ್ಯವಿಲ್ಲವೆಂದಷ್ಟೇ ನಮಗೆ ತಿಳಿಯಿತು. ಮುಂದೆ ನಾವೇ ಬೇರೊಂದು ಊರಿನಲ್ಲಿ 62 ಮಂದಿ ಮಕ್ಕಳ ತರಗತಿಗೆ ಉಪಾಧ್ಯಾಯಿನಿಯಾಗಿ, ಮೂರನೆಯ ವರ್ಷದಲ್ಲಿ ಕಂಠ ಕಟ್ಟಿ ರಜೆ ಕೇಳಲು ಹೋದೆವು. ‘ಜ್ವರವಿಲ್ಲ, ಗಾಯವಿಲ್ಲ, ಇದಕ್ಕೆಂಥ ರಜೆ?’ ಎಂದು ಉತ್ತರ ಬಂತು. ಅಂದು ಆ ನಗೆಯ ನೆನಪಾಗಿ ತಲೆ ತಗ್ಗಿಸಿದೆವು.

ಸ್ವರವು ಹುಟ್ಟುವದು ಶ್ವಾಸನಾಳದ ಮೇಲ್ತುದಿಯಲ್ಲಿರುವ ಎರಡು ಧ್ವನಿತಂತುಗಳಿಂದ. (ಸಜೀವ ಮನುಷ್ಯನ ಕಂಠದಲ್ಲಿ ಇವು ಆಡುವದನ್ನು 1854ರಲ್ಲಿ ಸಣ್ಣ ಕನ್ನಡಿಯನ್ನೂ ಸೂರ್ಯನ ಬೆಳಕನ್ನೂ ಉಪಯೋಗಿಸಿ ತನ್ನಲ್ಲಿಯೇ ನೋಡಿಕೊಂಡವನು ಮ್ಯಾನುಯೆಲ್ ಗಾರ್ಸಿಯ. ಅವನು ವೈದ್ಯನಲ್ಲ, ಸಂಗೀತದ ಉಪಾಧ್ಯಾಯ!) ಉಸಿರು ಹೊರಡುವಾಗ ತಂತುಗಳು ಒಂದಕ್ಕೊಂದು ಬಡಿದು ಕಂಪಿಸುವವು, ಸ್ತ್ರೀಯರಲ್ಲಿ ಈ ಕಂಪನವು ಸೆಕೆಂಡಿಗೆ ಸುಮಾರು 200, ಪುರುಷರಲ್ಲಿ ಅದರ ಅರ್ಧಕ್ಕಿಂತ ತುಸು ಹೆಚ್ಚು. 45 ನಿಮಿಷದ ಪಾಠದಲ್ಲಿ 20 ನಿಮಿಷ ಮಾತ್ರ ಸ್ವರ ಹೊರಟಿತೆಂದು ಹಿಡಿದರೂ 2,40,000 ಬಡಿತಗಳಾದವು. ದಿನಕ್ಕೆ ಐದು ಪಾಠಗಳಾದರೆ 12,00,000. ನಮ್ಮ ಗಣಿತದ ಗುರುಗಳು ಈ ಲೆಕ್ಕವನ್ನು ಮೆಚ್ಚುತ್ತಿದ್ದರೋ ಏನೋ. ಕೂಗಿದಷ್ಟೂ ಬಡಿತವು ಬಿರುಸಾಗುವದು; ಬಡಿದಲ್ಲಿ ಬಾವು ಬರುವದು; ಬಿಡುವು ಸಿಕ್ಕದಿದ್ದರೆ ಗುದ್ದಲಿ ಹಿಡಿದ ಕೈ ಜಡ್ಡುಗಟ್ಟುವಂತೆ ಅಲ್ಲಿ ಸಣ್ಣ ಗಂಟುಗಳು ಏಳುವವು.

ಹಾಗಾದರೆ ಮೆಲ್ಲಗೆ ಮಾತಾಡಬಾರದೇ ಎಂದು ಕೇಳುವವರುಂಟು. ಗದ್ದಲದ ನಡುವೆ ಮನುಷ್ಯನು ತನಗರಿವಿಲ್ಲದೆಯೇ ಸ್ವರವನ್ನು ಏರಿಸುತ್ತಾನೆಂಬದನ್ನು ಫ್ರಾನ್ಸಿನ ವೈದ್ಯನಾದ ಲೊಂಬಾರ್ಡ್ ಎಂಬವನು 1911ರಲ್ಲಿಯೇ ತೋರಿಸಿದ್ದಾನೆ. ತರಗತಿಯ ಹಿನ್ನೆಲೆಯ ಗದ್ದಲವು 35 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 1999ರಲ್ಲಿ ಸೂಚಿಸಿತು. ರಸ್ತೆಗೆ ಕಿಟಕಿ ತೆರೆದ, ಪಕ್ಕದ ತರಗತಿಗೂ ತನಗೂ ಬರೀ ಹಲಗೆಯ ಅಡ್ಡವಿರುವ ಕೋಣೆಯಲ್ಲಿ ಆ ಮಿತಿಯ ಮಾತೆಲ್ಲಿ?

ಅಮೇರಿಕದ ಅಯೋವಾ ಮತ್ತು ಯೂಟಾ ಸಂಸ್ಥಾನಗಳಲ್ಲಿ 1,243 ಮಂದಿ ಉಪಾಧ್ಯಾಯರನ್ನೂ, ಉಪಾಧ್ಯಾಯರಲ್ಲದ 1,288 ಮಂದಿಯನ್ನೂ ವಿಚಾರಿಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಜೀವಮಾನದಲ್ಲಿ ಒಮ್ಮೆಯಾದರೂ ಸ್ವರದ ತೊಂದರೆ ಪಟ್ಟವರು ಉಪಾಧ್ಯಾಯರಲ್ಲಿ ನೂರಕ್ಕೆ 57.7, ಇತರರಲ್ಲಿ 28.8. ಸ್ತ್ರೀಯರಿಗೆ ಈ ಕಷ್ಟವು ಹೆಚ್ಚೆಂದೂ ಅದರಿಂದ ತಿಳಿದುಬಂತು. ವೃತ್ತಿಯವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಬರುವ ಬೇನೆಯನ್ನು ಒಬ್ಬೊಬ್ಬಳ ದೌರ್ಬಲ್ಯವೆನ್ನುವದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ಇದು ಕೆಲಸದಿಂದಾದ ಗಾಯ. ಕಾರ್ಖಾನೆಯ ಸದ್ದಿನಿಂದ ಕಿವಿ ಮಂದವಾದರೆ ಅದು ವೃತ್ತಿಯಿಂದ ಬಂದ ರೋಗವೆಂದು ನಮ್ಮ ದೇಶದ 2020ರ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲಿ ಸೇರಿದೆ. ತರಗತಿಯ ಸದ್ದನ್ನು ಮೀರಿ ಮಾತಾಡಿ ಕಂಠ ಕೆಟ್ಟರೆ ಆ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿಲ್ಲ. ಪೋಲೆಂಡ್ ದೇಶದವರಾದರೋ ಅದನ್ನು ಸೇರಿಸಿದ್ದಾರೆ.

ನಮ್ಮ ಕಡೆ ಕಂಠ ಕಟ್ಟಿದೊಡನೆ ಕಲ್ಲುಸಕ್ಕರೆ, ಕರಿಮೆಣಸು, ಜ್ಯೇಷ್ಠಮಧು ಎಂದು ಹತ್ತು ಕೈಗಳು ಮುಂದೆ ಬರುವವು. ಆ ಪ್ರೀತಿಯನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಆದರೂ ನುಂಗಿದ ವಸ್ತುವು ಅನ್ನನಾಳಕ್ಕೆ ಇಳಿಯುವದೇ ಹೊರತು ಧ್ವನಿತಂತುಗಳನ್ನು ಮುಟ್ಟದು. ಪಿಸುಮಾತಿನಿಂದ ವಿಶ್ರಾಂತಿಯಾಗುವದೆಂಬದನ್ನೂ ನಂಬತಕ್ಕದ್ದಲ್ಲ. ಬಲವಂತದ ಪಿಸುಮಾತೂ ಆಯಾಸಕರವೇ. ಸ್ವರ ಒಡೆದು ಮೂರು ನಾಲ್ಕು ವಾರ ಕಳೆದರೂ ತಿಳಿಯಾಗದಿದ್ದರೆ ಗಂಟಲಿನ ವೈದ್ಯರಿಗೆ ತೋರಿಸತಕ್ಕದ್ದು. ನಮ್ಮನ್ನು ವೈದ್ಯರು ಮೈಸೂರಿನಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳುಹಿಸಿದರು. ಉಸಿರು ಹಿಡಿಯುವ ಕ್ರಮವನ್ನು ಅಲ್ಲಿ ಹೊಸದಾಗಿ ಕಲಿತು, ಆರು ತಿಂಗಳಲ್ಲಿ ಕೆಲಸಕ್ಕೆ ಮರಳಿದೆವು. ಆ ಆರು ತಿಂಗಳಲ್ಲಿ ಅರ್ಧ ಕಾಲಕ್ಕೆ ಸಂಬಳವಿರಲಿಲ್ಲ.

ಬರೀ ಉಪದೇಶದಿಂದ ಏನಾಗುವದೆಂಬದಕ್ಕೂ ಪರೀಕ್ಷೆ ನಡೆದಿದೆ. ಅಮೇರಿಕದಲ್ಲಿಯೇ ಸ್ವರ ಕೆಟ್ಟ ಉಪಾಧ್ಯಾಯರಲ್ಲಿ ಕೆಲವರಿಗೆ ಕಂಠವನ್ನು ಕಾಪಾಡಿಕೊಳ್ಳುವ ಬುದ್ಧಿವಾದವನ್ನೂ, ಕೆಲವರಿಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಧ್ವನಿವರ್ಧಕವನ್ನೂ ಕೊಟ್ಟು ನೋಡಿ 2002ರಲ್ಲಿ ಫಲವನ್ನು ಪ್ರಕಟಿಸಿದರು. ಯಂತ್ರವನ್ನು ಪಡೆದವರು ಸ್ಪಷ್ಟವಾಗಿ ಸುಧಾರಿಸಿದರು. ಬುದ್ಧಿವಾದವನ್ನು ಪಡೆದವರಲ್ಲಿ ಹಾಗೆ ಕಾಣಲಿಲ್ಲ.

ಆದಕಾರಣ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಮಾತಾಪಿತರಲ್ಲಿಯೂ ನಮ್ಮದೊಂದು ವಿಜ್ಞಾಪನೆಯುಂಟು. ನಾವು ಶಾಲೆಗೆ ಗಡಿಯಾರವನ್ನೂ ಬೀರುವನ್ನೂ ವೇದಿಕೆಯ ಪರದೆಯನ್ನೂ ಕಾಣಿಕೆಯಾಗಿ ಕೊಡುತ್ತ ಬಂದಿದ್ದೇವೆ. ವರ್ಷಕ್ಕೊಮ್ಮೆ ಭಾಷಣ ನಡೆಯುವ ಸಭಾಂಗಣಕ್ಕೆ ಧ್ವನಿವರ್ಧಕವುಂಟು. ವರ್ಷವಿಡೀ ಮಾತು ನಡೆಯುವ ತರಗತಿಗೆ ಇಲ್ಲ. ಮುಂದಿನ ಕಾಣಿಕೆಯ ಹಣದಿಂದ ಅಂತಹ ಸಣ್ಣ ಯಂತ್ರಗಳನ್ನು ಕೊಳ್ಳೋಣ. ರಸ್ತೆಯ ಬದಿಯ ಕೋಣೆಗಳಿಗೆ ದಪ್ಪ ಪರದೆಗಳನ್ನು ಹಾಕಿಸೋಣ. ಎರಡು ಪಾಠಗಳ ನಂತರ ಒಂದು ಮೌನದ ಅವಧಿಯನ್ನು ವೇಳಾಪಟ್ಟಿಯಲ್ಲಿಯೇ ಇಡುವಂತೆ ಆಡಳಿತದವರನ್ನು ಕೇಳೋಣ. ಸ್ವರ ಹೋದ ಉಪಾಧ್ಯಾಯಿನಿಯು ರಜೆ ಕೇಳಿದರೆ ಜ್ವರವಿದೆಯೇ ಎಂದು ಯಾರೂ ವಿಚಾರಿಸದಿರಲಿ.