ಎಮ್ಮೆಗೆ ಬರೆ ಹಾಕೋ ಸರ್ವೀಸ್ ಸೆಂಟರ್‌ಗಳು

ರಿವರ್ಸ್ ಗೇರ್ ಹಾಕಿದ ಕೂಡಲೇ ಉದ್ದಕ್ಕೆ ಒಮ್ಮೆ ಬೀಪ್ ಅಂದು ಆಮೇಲೆ ಸತ್ತಂತೆ ಬಿದ್ದಿರೋ ಪಾರ್ಕಿಂಗ್ ಸೆನ್ಸರ್ ನಿಮ್ಮ ಕಾರಲ್ಲೂ ಇರಬಹುದು. ಸರ್ವೀಸ್ ಸೆಂಟರಿಗೆ ಒಯ್ದರೆ ಸ್ಕ್ಯಾನರ್ ಚುಚ್ತಾರೆ, ಒಂದು ಕೋಡ್ ಬರುತ್ತೆ, "ಸರ್, ಸೆನ್ಸರ್ ಹೋಗಿದೆ, ನಾಲ್ಕೂ ಹೊಸದು ಹಾಕಿಬಿಡೋಣ" ಅಂತಾರೆ. ನನ್ನ ಗೆಳೆಯನ ಕಾರಿಗೆ ನಾಲ್ಕೂ ಹಾಕಿದರು. ಮತ್ತೆ ಅದೇ ಬೀಪ್. ಆಮೇಲೆ ಮಾಡ್ಯೂಲ್ ಬದಲಾಯಿಸೋಣ ಅಂದರು. ಕೊನೆಗೆ ಬೇರೊಬ್ಬ ಎಲೆಕ್ಟ್ರಿಷಿಯನ್ ಬಂಪರ್ ಬಿಚ್ಚಿ ನೋಡಿದರೆ, ಮಳೆನೀರು ಇಳಿದು ಕನೆಕ್ಟರಿನ ಪಿನ್ ಹಸಿರುಗಟ್ಟಿತ್ತು, ಅಷ್ಟೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದರು ಅನ್ನೋದು ಇದಕ್ಕೇ.

ನನ್ನ ತಕರಾರು ಇಷ್ಟೇ: ಇದು ರಿಪೇರಿ ಅಲ್ಲ, ಊಹೆ. ಆ ಊಹೆಗೆ ದುಡ್ಡು ಕೊಡೋರು ನಾವು.

ಸ್ಕ್ಯಾನರ್ ಹೇಳೋದು 'ಹಿಂದಿನ ಎಡಬದಿಯ ಸೆನ್ಸರ್ ಸರ್ಕ್ಯೂಟಿನಲ್ಲಿ ದೋಷ' ಅಂತ. ಸರ್ಕ್ಯೂಟ್ ಅಂದರೆ ಸೆನ್ಸರ್ ಒಂದೇ ಅಲ್ಲ. ವೈರು, ಕನೆಕ್ಟರು, ಅರ್ಥು, ಮಾಡ್ಯೂಲು ಎಲ್ಲ ಸೇರಿ. ಎರರ್ ಲಾಗಿನಲ್ಲಿ ಒಂದು ಫೈಲಿನ ಹೆಸರು ಕಂಡಿತು ಅಂತ ಆ ಫೈಲನ್ನೇ ಡಿಲೀಟ್ ಮಾಡೋ ಎಂಜಿನಿಯರನ್ನು ಯಾವ ಟೀಮಲ್ಲಿ ಇಟ್ಕೋತಾರೆ?

ಪತ್ತೆ ಹಚ್ಚೋದು ಬ್ರಹ್ಮವಿದ್ಯೆ ಏನಲ್ಲ. ರಿವರ್ಸ್ ಹಾಕಿದಾಗ ಹಿಂದಿನ ಬಿಳಿ ದೀಪವೂ ಹತ್ತದಿದ್ದರೆ ಮೊದಲು ಫ್ಯೂಸು, ರಿವರ್ಸ್ ಸ್ವಿಚ್ಚು ನೋಡಬೇಕು. ದೀಪ ಹತ್ತಿದರೆ, ಎಂಜಿನ್ ಆಫ್ ಮಾಡಿ ಹ್ಯಾಂಡ್‌ಬ್ರೇಕ್ ಎಳೆದು, ಇಗ್ನಿಷನ್ ಮಾತ್ರ ಆನ್ ಇಟ್ಟು, ಒಂದೊಂದೇ ಸೆನ್ಸರಿನ ಕೆಸರು ಒರೆಸಿ ಬೆರಳಿಡಿ. ಅದರ ಶಬ್ದ 40 ಕಿಲೋಹರ್ಟ್ಜ್ ಆಸುಪಾಸಿನದು, ಕಿವಿಗೆ ಕೇಳಲ್ಲ. ಆದರೆ ಜೀವ ಇರೋ ಸೆನ್ಸರಿನಲ್ಲಿ ಸಾಮಾನ್ಯವಾಗಿ ಸಣ್ಣಗೆ ಟಿಕ್ ಟಿಕ್ ಅನ್ನೋ ಮಿಡಿತ ಸಿಗುತ್ತೆ. ಸುಮ್ಮನಿರೋದನ್ನು ಅದೇ ಮಾದರಿಯ ಪಕ್ಕದ್ದರ ಜತೆ ಅದಲುಬದಲು ಮಾಡಿ. ದೋಷವೂ ಜತೆಗೇ ಜಾಗ ಬದಲಿಸಿದರೆ ಸೆನ್ಸರ್ ಹೋಗಿದೆ. ಹಳೇ ಜಾಗದಲ್ಲೇ ಕೂತಿದ್ದರೆ ತಪ್ಪು ವೈರಿಂಗಿನದು, ಇಲ್ಲವೇ ಮಾಡ್ಯೂಲಿನದು. ಅದನ್ನು ತೀರ್ಮಾನಿಸೋಕೆ ಮಲ್ಟಿಮೀಟರ್ ಇದೆ.

ನಮ್ಮೂರಲ್ಲಿ ಪಂಪ್‌ಸೆಟ್ ನಿಂತರೆ ಮೋಟರ್ ರಿಪೇರಿಯವನು ಮೊದಲು ಮೂರು ಫೇಸೂ ಬರ್ತಿದೆಯಾ ಅಂತ ಬಲ್ಬ್ ಹಿಡಿದು ನೋಡ್ತಾನೆ. ಆಮೇಲೆ ಫ್ಯೂಸು, ಸ್ಟಾರ್ಟರು, ಕೇಬಲ್ಲು. ಬೋರಿನಿಂದ ಮೋಟರ್ ಎತ್ತಿಸೋದು ಕಟ್ಟಕಡೆಗೆ. ಎತ್ತಿಸೋ ಖರ್ಚು ರೈತನಿಗೆ ಎಷ್ಟು ಭಾರ ಅಂತ ಅವನಿಗೆ ಗೊತ್ತು.

ಹಾಗಂತ ಮೆಕ್ಯಾನಿಕ್ಕನ್ನೇ ಬೈದು ಪ್ರಯೋಜನವಿಲ್ಲ. ಪಾರ್ಟ್ ಹಾಕಿದರೆ ಬಿಲ್ ಆಗುತ್ತೆ. ಎರಡು ಗಂಟೆ ಕೂತು ವೈರ್ ಹುಡುಕಿದರೆ ಕೊಡೋರಿಲ್ಲ. ದಿನವಿಡೀ ಡಿಬಗ್ ಮಾಡಿ ಒಂದು ಸಾಲು ತಿದ್ದಿ ಸಂಬಳ ಎಣಿಸೋ ನಾವೇ, "ಪಿನ್ ಉಜ್ಜಿದ್ದಕ್ಕೆ ಇಷ್ಟಾ?" ಅಂತ ಚೌಕಾಸಿಗೆ ನಿಲ್ತೀವಿ.

2019ರ ಜುಲೈ 1ರಿಂದ ಹೊಸ ಕಾರುಗಳಿಗೆ ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯ್ತಲ್ಲ, ಅದು ಶೋಕಿಗಲ್ಲ. ಕಾರಿನ ಹಿಂದೆ ಕೂತ ಮಗು ಕನ್ನಡಿಯಲ್ಲಿ ಕಾಣಲ್ಲ. ಎಸ್ಟಿಮೇಟ್ ನೋಡಿ ಹೌಹಾರಿ, ಬಜರಿನ ವೈರನ್ನೇ ಕಿತ್ತು ಓಡಾಡೋರು ನಮ್ಮ ಅಪಾರ್ಟ್‌ಮೆಂಟಲ್ಲೇ ಇದ್ದಾರೆ. ಸಂಜೆಯಾದರೆ ಅದೇ ಬೇಸ್‌ಮೆಂಟಲ್ಲಿ ಮಕ್ಕಳು ಸೈಕಲ್ ಹೊಡೀತಿರ್ತಾರೆ.

ಮುಂದಿನ ಸಲ ಎರಡೇ ಪ್ರಶ್ನೆ ಕೇಳಿ: ಸೆನ್ಸರ್ ಅದಲುಬದಲು ಮಾಡಿ ನೋಡಿದಿರಾ? ಕನೆಕ್ಟರಿನಲ್ಲಿ ಎಷ್ಟು ವೋಲ್ಟೇಜ್ ಬಂತು? ಉತ್ತರ ಸಿಕ್ಕರೆ ಆ ಹುಡುಕಾಟದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿ. ಸಿಗದಿದ್ದರೆ ಎಸ್ಟಿಮೇಟಿಗೆ ಸಹಿ ಹಾಕಬೇಡಿ.