ಓದಿ ಹೇಳದ ಪುಟಕ್ಕೆ ಸಹಿ ಬೇಡ

ಕಿನ್ನರ, ಕಾರವಾರ, ಅಂಕೋಲೆಯ ಸರ್ಕಾರಿ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ತಾಯಂದಿರೇ, ತಂದೆಯಂದಿರೇ, ಅವರಿಗೆ ಕಲಿಸುವ ಅಕ್ಕೋರೇ, ಮಾಸ್ತರರೇ,

ಹೋದ ಅವಧಿಯಲ್ಲಿ ನಾನು ಒಂದು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆಯಾಗಿದ್ದೆ. ಮೊದಲ ಆರು ತಿಂಗಳು ಮಾಡಿದ ಕೆಲಸ ಒಂದೇ, ಸಹಿ ಹಾಕುವುದು. ಸಂಜೆ ಮಗ ಪಾಟೀಚೀಲದ ಜೊತೆ ನಡಾವಳಿ ಪುಸ್ತಕವನ್ನೂ ಹೊತ್ತು ತರುತ್ತಿದ್ದ. ಸಹಿ ಎಲ್ಲಿ ಬೇಕೋ ಅಲ್ಲಿ ಪೆನ್ಸಿಲಿನ ಗುರುತು ಇರುತ್ತಿತ್ತು. ಅದರ ಮೇಲಿನ ಪುಟ ಕೆಲವೊಮ್ಮೆ ತುಂಬಿರುತ್ತಿತ್ತು, ಕೆಲವೊಮ್ಮೆ ಖಾಲಿ. ಒಲೆಯ ಮೇಲೆ ಸಾರು ಕುದಿಯುವ ಹೊತ್ತಿನಲ್ಲಿ ಯಾರು ಓದುತ್ತಾರೆ? ಒಂದು ದಿನ ಕೈ ಒರೆಸಿಕೊಂಡು ಓದಿದೆ. ಹಾಜರಿದ್ದ ಸದಸ್ಯರೆಲ್ಲ ಚರ್ಚಿಸಿ ಒಂದು ಖರ್ಚನ್ನು ಸರ್ವಾನುಮತದಿಂದ ಒಪ್ಪಿದರು ಎಂದು ಬರೆದಿತ್ತು. ಅಂಥ ಸಭೆ ನಡೆದೇ ಇರಲಿಲ್ಲ. ಹಣ ಹೋದದ್ದು ಶೌಚಾಲಯದ ಬಾಗಿಲಿಗೆ; ಬಾಗಿಲು ಕೂರಿಸಿಯೂ ಆಗಿತ್ತು. ಮೋಸವೇನೂ ಆಗಿರಲಿಲ್ಲ. ಆದರೆ ಮೋಸ ಆಗಿದ್ದರೂ ಅದರ ಕೆಳಗೆ ನನ್ನ ಸಹಿ ಇರುತ್ತಿತ್ತು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಈ ಕರಪತ್ರ ಹುಟ್ಟಿದ್ದು ಆ ಪುಟದಿಂದ.

ಈ ಸಮಿತಿ ಯಾರೋ ನಮಗೆ ಕೊಟ್ಟ ಮರ್ಯಾದೆಯ ಕುರ್ಚಿಯಲ್ಲ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆ ಶಿಫಾರಸು ಮಾಡಿತು, 2001ರ ಏಪ್ರಿಲ್ 28ರ ಸರ್ಕಾರಿ ಆದೇಶದಿಂದ ಕರ್ನಾಟಕದ ಸರ್ಕಾರಿ ಶಾಲೆ ಶಾಲೆಯಲ್ಲೂ ಎಸ್‌ಡಿಎಂಸಿ ಬಂತು. ಮುಂದೆ 2009ರ ಶಿಕ್ಷಣ ಹಕ್ಕು ಕಾಯ್ದೆ ಇದಕ್ಕೆ ಕಾನೂನಿನ ಬಲ ಕೊಟ್ಟಿತು. ಅದರ 21ನೇ ಕಲಂ ನೋಡಿ: ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಪಾಲಕರಿಗೆ ಅವರ ಪ್ರಮಾಣದಷ್ಟು ಜಾಗ ಸಿಗಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ. ಅನುದಾನಿತ ಶಾಲೆಗಳಲ್ಲಿ ಮಾತ್ರ 2012ರ ತಿದ್ದುಪಡಿಯ ಪ್ರಕಾರ ಸಮಿತಿ ಸಲಹೆ ಕೊಡಬಹುದಷ್ಟೇ. ಸರ್ಕಾರಿ ಶಾಲೆಯಲ್ಲಿ ನಮ್ಮ ಮಾತಿಗೆ ಪೂರ್ತಿ ತೂಕವಿದೆ.

ಈ ತೂಕ ಎಷ್ಟು ದೊಡ್ಡದೆಂದು ತಿಳಿಯಲು ದೂರದ ಒಂದು ಕಾನೂನು ನೋಡಿ. ಅಮೆರಿಕದ ಮಿನೆಸೋಟ ರಾಜ್ಯ 1991ರಲ್ಲಿ ಚಾರ್ಟರ್ ಶಾಲೆಗಳ ಕಾನೂನು ಮಾಡಿತು. ಹಣ ಸರ್ಕಾರದ್ದು, ಆಡಳಿತ ಶಾಲೆಯದೇ ಮಂಡಳಿಯ ಕೈಯಲ್ಲಿ. ಅಂಥ ಮಂಡಳಿಯಲ್ಲಿ ಕನಿಷ್ಠ ಒಬ್ಬ ಶಿಕ್ಷಕ, ಒಬ್ಬ ಪಾಲಕ ಇರಲೇಬೇಕು ಎಂದು ಅಲ್ಲಿಯ ಕಾನೂನು ಹೇಳುತ್ತದೆ. ಅಲ್ಲಿ ಕನಿಷ್ಠ ಒಬ್ಬ, ಇಲ್ಲಿ ಮುಕ್ಕಾಲು ಪಾಲು ನಾವೇ. ಕೈಗೆ ಬಂದದ್ದನ್ನು ಪೆನ್ಸಿಲಿನ ಗುರುತಿಗೆ ಬಿಟ್ಟುಕೊಟ್ಟಿದ್ದೇವೆ.

ಓದು ಬಾರದವರು ಸಮಿತಿಯಲ್ಲಿ ಏನು ಮಾಡುತ್ತಾರೆ ಎಂದು ಕೇಳುವವರಿದ್ದಾರೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹೊನ್ನಳ್ಳಿಯ ತುಳಸಿ ಗೌಡ ಅವರಿಗೆ ಗಿಡಮರದ ಜ್ಞಾನಕ್ಕಾಗಿ ಪದ್ಮಶ್ರೀ ಬಂದ ಸೀಮೆ ಇದು. ಬಜಾರಿನ ಲೆಕ್ಕ ಬಾಯಲ್ಲೇ ಮಾಡುವ ಮೀನು ಮಾರುವವಳಿಗೆ ಬಿಸಿಯೂಟದ ಲೆಕ್ಕ ಯಾವ ಮಹಾ? ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ. ಶಾಲೆಯಲ್ಲಿ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆಯಲ್ಲಿ ಮಗುವಿಗೆ 18 ಗ್ರಾಂ ಹಾಲಿನ ಪುಡಿ, ಅದರಿಂದ 150 ಮಿ.ಲೀ. ಹಾಲು. ಇವತ್ತು ಐದನೇ ತರಗತಿಯವರೆಗಿನ 40 ಮಕ್ಕಳು ಬಂದಿದ್ದರೆ ಅಕ್ಕಿ ನಾಲ್ಕು ಕೆ.ಜಿ., ಹಾಲಿನ ಪುಡಿ 720 ಗ್ರಾಂ. ಮಧ್ಯಾಹ್ನ ಅಡುಗೆ ಖೋಲಿಯ ಬಾಗಿಲಲ್ಲಿ ನಿಂತು ತಲೆ ಎಣಿಸಿ, ಹಾಜರಿ ಪುಸ್ತಕದ ಸಂಖ್ಯೆ ಕೇಳಿ, ಹಾಲಿನ ಲೋಟ ಮೂಗಿಗೆ ಹಿಡಿದು ನೋಡಿ. ನೀರು ಹೆಚ್ಚಾದದ್ದು ತಾಯಿಗೆ ತಿಳಿಯದೇ? ಅಡುಗೆಯವರ ಮೇಲೆ ಅನುಮಾನ ಪಡಲಿಕ್ಕೆ ನಾನು ಹೇಳುತ್ತಿಲ್ಲ. ಕಡಿಮೆ ಬಂದದ್ದು ಶಾಲೆಗೇ ಕಡಿಮೆ ಬಂದಿರಬಹುದು. ಅದನ್ನು ಮೇಲಿನವರಿಗೆ ಕೇಳಬೇಕಾದವರೂ ನಾವೇ.

ಇನ್ನು ಸಭೆಯ ಹೊತ್ತು. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಯಾರು ಬರುತ್ತಾರೆ? ಆಗ ಮೀನಿನ ಬುಟ್ಟಿಯವಳು ಬಜಾರಿನಲ್ಲಿ, ತರಕಾರಿ ತಂದ ಹಾಲಕ್ಕಿ ತಾಯಿ ಅಂಕೋಲೆ ಪೇಟೆಯಲ್ಲಿ, ಅಪ್ಪ ಗೋವಾದ ಕೆಲಸದಲ್ಲಿ. ರವಿವಾರ ಇಡೋಣವೆಂದರೆ ಕಾರವಾರದ ಸಂತೆ. ಸಂಜೆ ಐದರ ಮೇಲೆ ಇಡಿ, ಸಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ, ಮೀನುಗಾರ ಅಪ್ಪಂದಿರು ಮನೆಯಲ್ಲೇ ಇರುತ್ತಾರೆ. ವರ್ಷದ ದೊಡ್ಡ ಪಾಲಕರ ಸಭೆಗೆ ಇದಕ್ಕಿಂತ ಒಳ್ಳೆ ಕಾಲ ಬೇಕೇ?

ಭಾಷೆಯ ಮಾತೂ ಇದೆ, ನನ್ನ ಮನಸ್ಸಿಗೆ ತೀರ ಹತ್ತಿರದ್ದು. ಕಾಳಿ ನದಿ ದಂಡೆಯ ಎಷ್ಟೋ ಮನೆಗಳಲ್ಲಿ ಮಾತು ಕೊಂಕಣಿ. ಸಭೆಯಲ್ಲಿ 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ' ಎಂದು ಶುರುವಾದ ಕೂಡಲೇ ಅರ್ಧ ಹೆಂಗಸರು ಸೆರಗು ಸರಿಮಾಡಿಕೊಂಡು ಗೋಡೆ ನೋಡುತ್ತಾರೆ. ಒಮ್ಮೆ ನಮ್ಮ ಅಕ್ಕೋರು ಪುಸ್ತಕ ಮುಚ್ಚಿಟ್ಟು ಕೊಂಕಣಿಯಲ್ಲೇ ಕೇಳಿದರು, ಮಕ್ಕಳು ಮನೆಗೆ ಬಂದು ಏನು ಹೇಳುತ್ತಾರೆ ಎಂದು. ಮೂರು ವರ್ಷದಲ್ಲಿ ಬಾಯಿ ತೆರೆಯದ ತಾಯಿಯೊಬ್ಬಳು ಎದ್ದು, ಮಳೆಗಾಲದಲ್ಲಿ ಮಗಳು ಕುಳಿತುಕೊಳ್ಳುವ ಮೂಲೆ ಸೋರುತ್ತದೆ, ಅದಕ್ಕೇ ಅವಳು ಶಾಲೆ ಬೇಡವೆನ್ನುತ್ತಾಳೆ ಎಂದಳು. ಹಂಚು ಬದಲಾಯಿತು. ಮಾತು ಮನೆಯ ಭಾಷೆಯಲ್ಲಿ ಆಗಲಿ, ಠರಾವು ಕನ್ನಡದಲ್ಲಿ ಬರೆಯಲಿ, ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಲಿ.

ಅಕ್ಕೋರೇ, ಮಾಸ್ತರರೇ, ಇದು ನಿಮ್ಮ ಮೇಲಿನ ಕಾವಲು ಎಂದು ತಿಳಿಯಬೇಡಿ. ಮುಖ್ಯ ಶಿಕ್ಷಕರೇ ಈ ಸಮಿತಿಯ ಸದಸ್ಯ ಕಾರ್ಯದರ್ಶಿ. ನೀವಿಲ್ಲದೆ ಅದು ಒಂದು ಹೆಜ್ಜೆ ಇಡಲಾರದು. ಗೋಡೆ ಬಿರುಕು ಬಿಟ್ಟಿದೆ ಎಂದು ನೀವೊಬ್ಬರೇ ಬರೆದ ಪತ್ರ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಯಲ್ಲಿ ನೂರರಲ್ಲಿ ಒಂದು ಕಾಗದ. ಸಮಿತಿಯ ಠರಾವಿನ ಜೊತೆ ಹೋದರೆ ಅದರ ಹಿಂದೆ ಊರು ನಿಂತಿರುತ್ತದೆ. ಸಮಗ್ರ ಶಿಕ್ಷಣ ಯೋಜನೆಯಡಿ 31ರಿಂದ 100 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂ. ಅನುದಾನ. ಇಷ್ಟರಲ್ಲಿ ಬಲ್ಬು, ಸುಣ್ಣ, ಬಾಗಿಲು, ಬೀಗ ಎಲ್ಲ ಆಗಬೇಕು. ಏಕೆ ಸಾಲಲಿಲ್ಲ ಎಂಬ ಲೆಕ್ಕ ನಮ್ಮೆದುರು ಬಿಚ್ಚಿಡಿ. ಮರುದಿನ ಊರಿನಲ್ಲಿ ನಿಮ್ಮ ಪರವಾಗಿ ಮಾತಾಡುವವರು ಹತ್ತು ಜನ ಸಿಗುತ್ತಾರೆ.

ಹೊಸ ಸಮಿತಿಯ ಆಯ್ಕೆ ಬಂದಾಗ ಹೆಸರುಗಳು ಯಾರದೋ ಜಗಲಿಯ ಮೇಲೆ ತೀರ್ಮಾನವಾಗಿ ಬರಬಾರದು. ಪಾಲಕರ ಸಭೆಯಲ್ಲೇ, ಎಲ್ಲರೆದುರು ಆಗಬೇಕು. ಹಿಂದಿನ ಬೆಂಚಿನಲ್ಲಿ ಕೂತ ತಾಯಿಯ ಹೆಸರನ್ನು ನೀವೇ ಹೇಳಿ.

ಮುಂದಿನ ಸಭೆಗೆ ಬನ್ನಿ. ನಡಾವಳಿ ಪುಸ್ತಕ ನಿಮ್ಮ ಮುಂದೆ ಬಂದಾಗ ಪೆನ್ನು ಹಿಡಿಯುವ ಮೊದಲು ಒಂದು ಮಾತು ಹೇಳಿ: "ಅಕ್ಕೋರೇ, ಇದನ್ನು ಒಮ್ಮೆ ಓದಿ ಹೇಳಿ."

ಇಂತಿ,
ಕಾಳಿ ದಂಡೆಯ ಒಬ್ಬ ತಾಯಿ